ಎಂಟು ಚೌಕದ ಜೇಡಗಳು

ಅಲ್ಲಾಬಕ್ಷನಿಗೆ ಓದು ಬರುವುದಿಲ್ಲ ಎನ್ನುತ್ತಿದ್ದವರು ಒಮ್ಮೆಯಾದರೂ ಅವನ ಜೊತೆ ಬೊರಿವಲಿಯ ಗುಡ್ಡ ಹತ್ತಬೇಕಿತ್ತು. ಮೊದಲ ಮಳೆ ಬಿದ್ದು ವಾರವಾಗಿರುತ್ತಿತ್ತು, ನೆಲದಲ್ಲಿ ಉಗುರಿನಷ್ಟು ಹಸಿರು. ನಿಮಗೂ ನನಗೂ ಅದೆಲ್ಲ ಒಂದೇ ಹುಲ್ಲು. ಅವನು ಕುಕ್ಕರುಗಾಲಲ್ಲಿ ಕೂತು, ಎರಡೆಲೆಯ ಮೊಳಕೆಗಳನ್ನು ಬೆರಳಿನಿಂದ ಬಿಡಿಸಿ, ಇದು ಇಂಥದ್ದು, ಅದು ಅಂಥದ್ದು ಎಂದು ಹೇಳಿಬಿಡುತ್ತಿದ್ದ. ಸವಣೂರಿನ ಹತ್ತಿರದ ತನ್ನ ಹಳ್ಳಿಯಲ್ಲಿ ಕಂಡಿದ್ದವಕ್ಕೆ ಹಳ್ಳಿಯ ಹೆಸರು: ಕರಕಿ, ಹಂಚಿ, ಬಾದೆ. ಅಲ್ಲಿ ಕಾಣದವಕ್ಕೆ ತಾನೇ ಹೆಸರಿಟ್ಟಿದ್ದ: ಮೊಲದ ಬಾಲ, ಸುಳ್ಳ ಜೋಳ, ಹಲೀಮಾನ ಮೂಗುಬಟ್ಟು. ಹಲೀಮಾ ಅವನ ಹೆಂಡತಿ. ತನ್ನ ಮೂಗುಬಟ್ಟು ಎಮ್ಮೆಗಳ ಬಾಯಿಗೆ ಹೋಗುತ್ತದೆ ಎಂದು ಅವಳಿಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಐವತ್ತೆಂಟರಲ್ಲಿ ಅವನು ಮುಂಬಯಿಗೆ ಬಂದದ್ದು. ಹತ್ತು ವರ್ಷ ಆ ಗುಡ್ಡದ ಹುಲ್ಲು ಕೊಯ್ದು, ಹೊರೆ ಕಟ್ಟಿ, ಸ್ಟೇಷನ್ನಿನ ಆಚೆ ಹಾಲಿನವರು ಎಮ್ಮೆ ಕಟ್ಟುವ ತಬೇಲಾಗಳಿಗೆ ಹಾಕಿದ. ಅವನಂಥ ನಲವತ್ತು ಮನೆಯವರು ಗುಡ್ಡದ ಬುಡದ ಝೋಪಡಿಗಳಲ್ಲಿದ್ದರು. ವಿಜಾಪುರದವರು, ಕಲಬುರ್ಗಿಯವರು, ಹಿಂದೂಗಳು, ಮುಸಲ್ಮಾನರು, ಎಲ್ಲರ ಒಲೆಯೂ ಆ ಹುಲ್ಲಿನಿಂದಲೇ ಉರಿಯಬೇಕು. ತಬೇಲಾ ನಡೆಸುತ್ತಿದ್ದ ಉತ್ತರದ ಭೈಯ್ಯಾಗಳು ಬೇರೆ ಕಡೆಯ ಮೇವು ಮುಟ್ಟುತ್ತಿರಲಿಲ್ಲ. ಈ ಗುಡ್ಡದ ಹುಲ್ಲು ತಿಂದ ಎಮ್ಮೆಯ ಹಾಲಿನ ಕೆನೆಯೇ ಬೇರೆ ಎನ್ನುತ್ತಿದ್ದರು. ಒಂದು ಹೊರೆಯಲ್ಲಿ ಮೂವತ್ತು ಜಾತಿ ಇರುತ್ತಿತ್ತು, ನಡುನಡುವೆ ಹೆಸರುಕಾಳಿನ ಜಾತಿಯ ಕಾಡುಹೆಸರಿನ ಬಳ್ಳಿಯೂ ಇರುತ್ತಿತ್ತು. ಎಮ್ಮೆಗೆ ಇನ್ನೇನು ಬೇಕು?

ಅರವತ್ತೊಂಬತ್ತರಲ್ಲಿ ಗುಡ್ಡದ ಕೆಳಗಿನ ಮಟ್ಟಸ ಜಾಗಕ್ಕೆ ತಂತಿಬೇಲಿ ಬಿತ್ತು. ಮೇವು ಸಂಶೋಧನಾ ಕೇಂದ್ರ ಎಂದು ಬೋರ್ಡು ಬಂತು. ಪರದೇಶದ ಯಾವುದೋ ಒಂದೇ ಒಂದು ಜಾತಿ ಹುಲ್ಲನ್ನು ಇಪ್ಪತ್ತು ಎಕರೆಗೆ ನೆಟ್ಟರು. ಆಳೆತ್ತರ ಬೆಳೆಯಿತು. ಫೋಟೋ ತೆಗೆದರು. ಮೇಲಿನ ಗುಡ್ಡವನ್ನು ಮಾತ್ರ ಪಾಸು ಕೊಟ್ಟು ಕೊಯ್ಯುವವರಿಗೇ ಬಿಟ್ಟಿದ್ದರು.

ಆ ಕೇಂದ್ರಕ್ಕೆ ಮೈಸೂರಿನ ತಿರುಮಲೇಶ ಎಂಬ ಸಸ್ಯಶಾಸ್ತ್ರದ ಸಾಹೇಬರು ಬಂದರು. ಮಾಟುಂಗದಲ್ಲಿ ಮನೆ, ದಿನಾ ಲೋಕಲ್ಲಿನಲ್ಲಿ ಬಂದು ಹೋಗುವುದು. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ, ಮಳೆಗಾಲದಲ್ಲೂ ಇಸ್ತ್ರಿ ಮಾಡಿದ ಷರಟು. ಅವರಿಗೆ ಒಂದು ಪ್ರಶ್ನೆ ತಲೆ ಹೊಕ್ಕಿತ್ತು. ಒಂದೇ ಜಾತಿ ಹುಲ್ಲು ಮೇಲೋ, ಹತ್ತಾರು ಜಾತಿ ಕೂಡಿ ಬೆಳೆದದ್ದು ಮೇಲೋ? ಅದಕ್ಕಾಗಿ ಗುಡ್ಡದ ಓರೆಯಲ್ಲಿ ಚೌಕಗಳನ್ನು ಮಾಡಿಸಿದರು. ಒಂದರಲ್ಲಿ ಒಂದು ಜಾತಿ, ಇನ್ನೊಂದರಲ್ಲಿ ನಾಲ್ಕು, ಎಂಟು, ಹದಿನಾರು. ಬೇಡದ ಜಾತಿ ತಲೆ ಎತ್ತಿದ ಕೂಡಲೇ ಕೀಳಬೇಕು. ಮೊಳಕೆಯಲ್ಲೇ ಗುರುತು ಹಿಡಿಯುವವರು ಯಾರು? ಕೇಂದ್ರದಲ್ಲಿದ್ದ ಬಿ.ಎಸ್ಸಿ. ಹುಡುಗರೆಲ್ಲ ಹೂ ಬಿಡುವವರೆಗೆ ಕಾಯಬೇಕು ಎಂದರು. ಬೇಲಿಯಾಚೆ ಕೂತಿದ್ದ ಅಲ್ಲಾಬಕ್ಷ ಕಾಯಲಿಲ್ಲ.

"ಅದು ಕರಕಿ ಅಲ್ರಿ ಸಾಹೇಬ್ರ. ಕರಕಿಯ ಅಕ್ಕ. ನೆಲಕ್ಕ ಹರಿಯೂದಿಲ್ಲ, ನೋಡ್ರಿ ಬೇಕಾದ್ರ."

ಸಾಹೇಬರು ಕನ್ನಡ ಕೇಳಿ ಗಕ್ಕನೆ ತಿರುಗಿದರು. "ಏನಪ್ಪಾ, ನೀನು ಕನ್ನಡದೋನಾ?"

"ಸವಣೂರ ಕಡಿಯವರ್ರಿ."

ಮಾರನೆಯ ದಿನದಿಂದ ಅವನಿಗೆ ಕೇಂದ್ರದಲ್ಲಿ ದಿನಗೂಲಿ. ಹೆಂಡತಿ ಹುಲ್ಲು ಕೊಯ್ಯುವುದು, ಗಂಡ ಹುಲ್ಲು ಕೀಳುವುದು. ಮೂರು ವರ್ಷ ಕಿತ್ತ. ಸಾಹೇಬರು ಅವನ ಜೊತೆ ಕೂತು ಬೇರುಗಳನ್ನು ನೋಡುತ್ತಿದ್ದರು. ಒಂದರ ಬೇರು ಮೊಳದುದ್ದ ಇಳಿದರೆ ಇನ್ನೊಂದರದ್ದು ಮೇಲೆಯೇ ಹರಡುತ್ತಿತ್ತು. ಕಾಡುಹೆಸರಿನ ಬೇರಿನಲ್ಲಿ ಗಂಟುಗಳಿದ್ದವು, ಆ ಗಂಟು ಪಕ್ಕದ ಹುಲ್ಲಿಗೂ ಗೊಬ್ಬರ ಕೊಡುತ್ತದೆ ಎಂದು ಸಾಹೇಬರೇ ಹೇಳಿಕೊಟ್ಟದ್ದು. ಆಗೆಲ್ಲ ಅವರು ಒಳ್ಳೆಯ ಮೇಷ್ಟರಂತೆ ಮಾತಾಡುತ್ತಿದ್ದರು. ಮಾತಾಡಬೇಕಾದ ಒಂದು ದಿನ ಮಾತ್ರ ಮಾತಾಡಲಿಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ.

ಎಪ್ಪತ್ತೆರಡರಲ್ಲಿ ಮಳೆ ಕೈ ಕೊಟ್ಟಿತು. ಕೆಳಗಿನ ಇಪ್ಪತ್ತು ಎಕರೆಯ ಪರದೇಶಿ ಹುಲ್ಲು ಆಗಸ್ಟಿನಲ್ಲೇ ಹಳದಿಯಾಯಿತು. ಉಳಿದದ್ದಕ್ಕೆ ಮಿಡತೆ ಬಿತ್ತು. ಒಂದೇ ಜಾತಿಯ ಊಟ ಇಪ್ಪತ್ತು ಎಕರೆ ಬಡಿಸಿಟ್ಟರೆ ಯಾವ ಹುಳ ಬಿಟ್ಟೀತು? ಹದಿನಾರು ಜಾತಿಯ ಚೌಕಗಳು ಮಾತ್ರ ಸೆಪ್ಟೆಂಬರಿನವರೆಗೂ ಹಸಿರಾಗಿದ್ದವು. ಮೇಲಿನ ಗುಡ್ಡವೂ ತಡೆದುಕೊಂಡಿತು. ಆ ವರ್ಷ ಬೊರಿವಲಿಯ ಎಮ್ಮೆಗಳು ಬದುಕಿದ್ದು ಗುಡ್ಡದಿಂದ. ಸಾಹೇಬರು ಗೆದ್ದೆ ಎಂದುಕೊಂಡರು.

ಆದರೆ ಮೇಲಿನ ಅಧಿಕಾರಿಗಳಿಗೆ ತಮ್ಮ ಪರದೇಶಿ ಹುಲ್ಲು ಸೋತದ್ದಕ್ಕೆ ಯಾರಾದರೂ ಅಪರಾಧಿ ಬೇಕಲ್ಲ. ಗುಡ್ಡವೇ ಸಿಕ್ಕಿತು. ಮಿಡತೆಗಳು ಮೊಟ್ಟೆಯಿಡುವುದು ಆ ಕಾಡುಹುಲ್ಲಿನಲ್ಲಿ, ಅಲ್ಲಿಂದ ಕೆಳಗೆ ಇಳಿಯುತ್ತವೆ, ಆದ್ದರಿಂದ ಗುಡ್ಡಕ್ಕೆಲ್ಲ ವಿಷದ ಪುಡಿ ಎರಚಿಬಿಡೋಣ ಎಂದರು. ತಿರುಮಲೇಶರು ಬಲವಾಗಿ ವಿರೋಧಿಸಿದರು. ಗುಡ್ಡದಲ್ಲಿ ಮಿಡತೆ ಮಿತಿಯಲ್ಲಿರುವುದೇ ಜೇಡಗಳಿಂದ, ಗೌಜಲಹಕ್ಕಿಗಳಿಂದ. ಬಗೆಬಗೆಯ ಹುಲ್ಲಿದ್ದರೆ ಜೇಡಕ್ಕೆ ಬಲೆ ಕಟ್ಟಲು ಬಗೆಬಗೆಯ ಎತ್ತರ ಸಿಗುತ್ತದೆ. ಪುಡಿ ಹಾಕಿದರೆ ಮೊದಲು ಸಾಯುವುದು ಕಾವಲುಗಾರರು ಎಂದು ವಾದಿಸಿದರು. ಅಧಿಕಾರಿಗಳು ಪಟ್ಟು ಬಿಡಲಿಲ್ಲ. "ಹಾಗಿದ್ದರೆ ತೋರಿಸಿ. ಒಂದು ಮಳೆಗಾಲ ಕೊಡುತ್ತೇವೆ" ಎಂದರು.

ತೋರಿಸುವುದು ಹೀಗೆ. ಹದಿನಾರು ಜಾತಿ ಹುಲ್ಲಿನ ಹದಿನಾರು ಚೌಕ. ಪ್ರತಿಯೊಂದಕ್ಕೂ ಸುತ್ತ ತಗಡಿನ ಬೇಲಿ. ಎಂಟು ಚೌಕಗಳಲ್ಲಿ ಜೇಡಗಳನ್ನು ಇದ್ದಂತೆ ಬಿಡುವುದು, ಇನ್ನೆಂಟರಲ್ಲಿ ದಿನವೂ ಹಿಡಿದು ತೆಗೆಯುವುದು. ತೆಗೆದ ಚೌಕಗಳಲ್ಲಿ ಮಿಡತೆ ಏರಿ ಹುಲ್ಲು ಬೋಳಾದರೆ ಸಾಹೇಬರ ಮಾತು ನಿಜ, ಗುಡ್ಡ ಉಳಿಯುತ್ತದೆ. ಎರಡೂ ಕಡೆ ಒಂದೇ ಸಮ ಇದ್ದರೆ ಜೇಡ ಲೆಕ್ಕಕ್ಕಿಲ್ಲ ಎಂದಾಯಿತು, ಪುಡಿ ಬೀಳುತ್ತದೆ. ನಲವತ್ತು ಮನೆಯ ಅನ್ನ ಆ ಎಂಟು ಚೌಕಗಳಲ್ಲಿತ್ತು. ಇದು ಸಾಹೇಬರಿಗೆ ಗೊತ್ತಿತ್ತು, ಅಧಿಕಾರಿಗಳಿಗೆ ಗೊತ್ತಿತ್ತು, ಆಫೀಸಿನ ಪ್ಯೂನಿಗೂ ಗೊತ್ತಿತ್ತು. ಅಲ್ಲಾಬಕ್ಷನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಕೂಲಿಯವನಿಗೆ ಏನು ಮಾಡಬೇಕು ಎಂದು ಹೇಳುತ್ತಾರೆ, ಯಾಕೆ ಎಂದು ಹೇಳುವುದಿಲ್ಲ. ಅದು ರೂಢಿ.

ಜೇಡ ಹಿಡಿಯುವ ಕೆಲಸ ಮೊದಲು ಮೋನಪ್ಪನದಾಗಿತ್ತು. ಅವನು ಮಂಗಳೂರು ಕಡೆಯವನು, ಲ್ಯಾಬಿನ ಸಹಾಯಕ. ಬೆಳಿಗ್ಗೆ ಇಬ್ಬನಿಯಲ್ಲಿ ಬಲೆಗಳು ಹೊಳೆಯುವಾಗ ಹೋಗಿ, ಒಂದೊಂದೇ ಜೇಡವನ್ನು ಚಿಮಟದಲ್ಲಿ ಎತ್ತಿ ಸ್ಪಿರಿಟ್ ಬಾಟಲಿಗೆ ಹಾಕುತ್ತಿದ್ದ. ಬಾಟಲಿ ಹಿಡಿದುಕೊಳ್ಳುತ್ತಿದ್ದವನು ಅಲ್ಲಾಬಕ್ಷ. ಒಳಗೆ ಬಿದ್ದ ಜೇಡ ಕಾಲು ಮಡಚಿಕೊಳ್ಳುವುದನ್ನು ನೋಡಲಾಗದೆ ಅವನು ಬೇರೆ ಕಡೆ ಮುಖ ತಿರುಗಿಸುತ್ತಿದ್ದ. ಮೂರನೆಯ ದಿನ ಮೋನಪ್ಪ ಕೆಸರಿನಲ್ಲಿ ಜಾರಿ ಕಾಲು ಉಳುಕಿಸಿಕೊಂಡ.

"ನನ್ನಿಂದ ಇನ್ನು ಈ ಗುಡ್ಡೆ ಹತ್ಲಿಕ್ಕೆ ಆಗುದಿಲ್ಲ ಮಾರಾಯ, ನೀನೇ ಮಾಡು" ಎಂದು ಚಿಮಟವನ್ನು ಅಲ್ಲಾಬಕ್ಷನ ಕೈಗೆ ಕೊಟ್ಟ. ವಾರಕ್ಕೊಮ್ಮೆ ಬಲೆಚೀಲ ಬೀಸಿ ಮಿಡತೆ ಎಣಿಸಲು ಮಾತ್ರ ಕುಂಟುತ್ತ ಬರುತ್ತಿದ್ದ. ಸಾಹೇಬರಿಗೂ ನಮೂನೆಗೆ ಬೇಕಾದಷ್ಟು ಜೇಡ ಸಿಕ್ಕಿದ್ದವು.

"ಇನ್ಮೇಲೆ ದಿನಾ ಎಷ್ಟು ಸಿಕ್ಕಿದ್ವು ಅಂತ ಲೆಕ್ಕ ಹೇಳಿದ್ರೆ ಸಾಕು" ಎಂದರು.

ಈಗ ಅಲ್ಲಾಬಕ್ಷನ ಅಜ್ಜಿಯ ಮಾತು ಹೇಳಬೇಕು. ಪೈಗಂಬರರು ವೈರಿಗಳಿಂದ ತಪ್ಪಿಸಿಕೊಂಡು ಗುಹೆಯೊಂದರಲ್ಲಿ ಕೂತಿದ್ದಾಗ ಗುಹೆಯ ಬಾಯಿಗೆ ಜೇಡವೊಂದು ಬಲೆ ಕಟ್ಟಿತಂತೆ. ಬೆನ್ನಟ್ಟಿ ಬಂದವರು ಹರಿಯದ ಬಲೆ ನೋಡಿ, ಒಳಗೆ ಯಾರೂ ಹೋಗಿಲ್ಲ ಎಂದು ಹಿಂತಿರುಗಿದರಂತೆ. ಸವಣೂರಿನ ಮುಸಲ್ಮಾನರ ಮನೆಗಳಲ್ಲಿ ಇದನ್ನು ಕೇಳದೆ ಬೆಳೆದ ಮಕ್ಕಳಿಲ್ಲ. ಅವನ ಮನೆಯಲ್ಲಿ ಕಸ ಹೊಡೆಯುವಾಗ ಜೇಡವನ್ನು ಕೋಲಿಗೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುತ್ತಿದ್ದರು. ಹಲ್ಲಿಗೆ ಆ ಮರ್ಯಾದೆ ಇರಲಿಲ್ಲ, ಜೇಡಕ್ಕಿತ್ತು. ಅಂಥ ಮನೆಯ ಮಗನ ಕೈಗೆ ಸ್ಪಿರಿಟ್ ಬಾಟಲಿ ಬಂದಿತ್ತು.

ಕೊಲ್ಲಲಾರೆ ಎಂದು ಹೇಳಿದರೆ ಕೆಲಸ ಹೋಗುತ್ತದೆ. ರಾತ್ರಿಯೆಲ್ಲ ಯೋಚಿಸಿ ಅವನು ಒಂದು ದಾರಿ ಮಾಡಿದ. ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನಿಂದ ಖಾಲಿ ಬೆಂಕಿಪೊಟ್ಟಣಗಳನ್ನು ಆರಿಸಿ ತಂದ. ಮಗಳು ಅಖ್ತರಿ ಅವುಗಳ ಮೇಲೆ ಒಂದರಿಂದ ಎಂಟರವರೆಗೆ ಚೌಕದ ನಂಬರು ಬರೆದುಕೊಟ್ಟಳು. ಬೆಳಿಗ್ಗೆ ಒಂದು ಜೇಡಕ್ಕೆ ಒಂದು ಪೊಟ್ಟಣ. ಕೂಡಿ ಹಾಕಿದರೆ ಒಂದನ್ನೊಂದು ತಿಂದುಬಿಡುತ್ತವೆ. ಬುಟ್ಟಿಯ ತುಂಬ ಪೊಟ್ಟಣ ಜೋಡಿಸಿ ಶೆಡ್ಡಿಗೆ ತರುವುದು, ಸಾಹೇಬರಿಗೆ ಲೆಕ್ಕ ಒಪ್ಪಿಸುವುದು.

"ಇವತ್ತ ನಲವತ್ತೊಂದ್ರಿ."

ಸಾಹೇಬರು ಒಂದೆರಡು ಪೊಟ್ಟಣ ಬಿಚ್ಚಿ ನೋಡಿ, ತಲೆಯಾಡಿಸಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮಧ್ಯಾಹ್ನ ಅವರು ಮಾಟುಂಗದ ಕಡೆ ಹೋಗುವ ಲೋಕಲ್ ಹಿಡಿದ ಮೇಲೆ ಅಲ್ಲಾಬಕ್ಷ ಬುಟ್ಟಿಯನ್ನು ಮತ್ತೆ ಗುಡ್ಡಕ್ಕೆ ಹೊತ್ತು, ಒಂದನೆಯ ಚೌಕದವನ್ನು ಒಂದಕ್ಕೆ, ಎರಡನೆಯದವನ್ನು ಎರಡಕ್ಕೆ, ಹೀಗೆ ಎಂಟಕ್ಕೂ ಅವರವರ ಮನೆಗೆ ಬಿಟ್ಟು ಬರುತ್ತಿದ್ದ. ಸಂಜೆಯೊಳಗೆ ಅವು ಮತ್ತೆ ಬಲೆ ಹಾಕುತ್ತಿದ್ದವು. ಅವನ ಲೆಕ್ಕ ಒಂದು ದಿನವೂ ಸುಳ್ಳಾಗಿರಲಿಲ್ಲ. ಸಾಹೇಬರಿಗೆ ಬೇಕಾದದ್ದು ಲೆಕ್ಕ, ಅಲ್ಲಾಹನಿಗೆ ಬೇಕಾದದ್ದು ಜೀವ, ಇಬ್ಬರಿಗೂ ಸಲ್ಲುವುದನ್ನು ಸಲ್ಲಿಸುತ್ತಿದ್ದೇನೆ ಎಂದುಕೊಂಡ. ಅಷ್ಟು ಕಷ್ಟಪಟ್ಟು ಯಾರೂ ತಪ್ಪು ಮಾಡಿದ್ದನ್ನು ನಾನು ಕಂಡಿಲ್ಲ.

ಒಮ್ಮೆ ಮಾತ್ರ ಸಾಹೇಬರು ಕೇಳಿದ್ದರು. ಲೋಕಲ್ಲಿಗೆ ಹೊತ್ತಾಗಿ ಛತ್ರಿ ಬಿಡಿಸುತ್ತ, ಅವನ ಮುಖ ನೋಡದೆ, "ಆಮೇಲೆ ಎಲ್ಲಾನೂ ಬಾಟ್ಲಿಗೆ ಹಾಕ್ಬಿಡ್ತೀಯ ತಾನೆ?" ಎಂದರು.

"ಹೂನ್ರಿ" ಎಂದ ಅಲ್ಲಾಬಕ್ಷ.

ಒಂದು ಹೂಂ. ಅವನು ಜನ್ಮದಲ್ಲಿ ಎಷ್ಟು ಸುಳ್ಳು ಹೇಳಿದ್ದನೋ ಗೊತ್ತಿಲ್ಲ, ಇದಕ್ಕಿಂತ ಸಣ್ಣದು ಇರಲಾರದು. ಆ ದಿನ ಮನೆಗೆ ಬಂದು ಹಲೀಮಾನಿಗೆ ಹೇಳಿದ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಜೀವ ಉಳಿಸಾಕ ಹೇಳಿದ್ದು ಸುಳ್ಳು ಆಗೂದಿಲ್ಲ ಜೀ. ಸವಾಬ್ ಬರ್ತದ" ಎಂದಳು. ಸವಾಬ್ ಎಂದರೆ ಪುಣ್ಯ. ಆ ಮಳೆಗಾಲ ಅವರ ಮನೆಯಲ್ಲಿ ಪುಣ್ಯಕ್ಕೆ ಬರವಿರಲಿಲ್ಲ.

ಸಾಹೇಬರಿಗೆ ಆಶ್ಚರ್ಯವಾಗುತ್ತಿತ್ತು. ದಿನಾ ನಲವತ್ತು ತೆಗೆದರೂ ಮಾರನೆಯ ದಿನ ನಲವತ್ತು ಎಲ್ಲಿಂದ ಬರುತ್ತವೆ? ತಗಡಿನ ಕೆಳಗಿನಿಂದ ನುಸುಳುತ್ತಿರಬೇಕು ಎಂದುಕೊಂಡರು. ಒಂದು ಮಧ್ಯಾಹ್ನ ಗುಡ್ಡ ಹತ್ತಿ ಕೂತಿದ್ದರೆ ಎಲ್ಲ ಕಣ್ಣಿಗೆ ಬೀಳುತ್ತಿತ್ತು. ಹತ್ತಲಿಲ್ಲ. ಕೆಸರು, ಜಿಗಣೆ, ಐದು ಗಂಟೆಯ ನೂಕುನುಗ್ಗಲಿನ ಲೋಕಲ್. ಅಕ್ಟೋಬರಿನಲ್ಲಿ ಲೆಕ್ಕ ಕೂಡಿಸಿದರು. ಜೇಡ ಇದ್ದ ಎಂಟು ಚೌಕಗಳಲ್ಲೂ ಜೇಡ ತೆಗೆದ ಎಂಟು ಚೌಕಗಳಲ್ಲೂ ಮಿಡತೆ ಹೆಚ್ಚುಕಡಿಮೆ ಒಂದೇ. ಹುಲ್ಲಿನ ತೂಕವೂ ಒಂದೇ. ಸಾಹೇಬರು ಎರಡು ದಿನ ಅದೇ ಲೆಕ್ಕವನ್ನು ಮತ್ತೆ ಮತ್ತೆ ಕೂಡಿಸಿ ನೋಡಿದರು. ಮೂರನೆಯ ದಿನ ಇದ್ದದ್ದು ಇದ್ದಂತೆ ವರದಿ ಬರೆದು ಕಳಿಸಿದರು. ಪ್ರಾಮಾಣಿಕ ಮನುಷ್ಯ, ಆವರೆಗೆ.

ಎಪ್ಪತ್ತನಾಲ್ಕರ ಜೂನ್ ಕೊನೆಗೆ ಲಾರಿಯಲ್ಲಿ ಪುಡಿಯ ಚೀಲಗಳು ಬಂದವು. ಬೂದಿ ಬಣ್ಣ, ಮೂಗು ಸುಡುವ ಮುಗ್ಗಲು ವಾಸನೆ. ಕೈಯಲ್ಲಿ ತಿರುಗಿಸಿ ಊದುವ ಯಂತ್ರಗಳು ಹತ್ತು ಬಂದವು. ಒಂದನ್ನು ಅಲ್ಲಾಬಕ್ಷನ ಕುತ್ತಿಗೆಗೆ ತೂಗುಹಾಕಿದರು. ಬಾಯಿಗೆ ಬಟ್ಟೆ ಕಟ್ಟಿಕೋ ಎಂದರು. ಅಂದು ತಿರುಮಲೇಶರೂ ಬಂದಿದ್ದರು. ಛತ್ರಿ ಹಿಡಿದು ಒಂದು ಕಡೆ ನಿಂತಿದ್ದ ಅವರನ್ನು ಅಲ್ಲಾಬಕ್ಷ ಮೊದಲ ಸಲ ಯಾಕೆ ಎಂದು ಕೇಳಿದ.

"ಇದೆಲ್ಲ ಯಾಕ್ರೀ ಸಾಹೇಬ್ರ? ಗುಡ್ಡಕ್ಕ ಏನಾಗೇದ?"

ಸಾಹೇಬರಿಗೂ ಆ ದಿನ ಯಾರಿಗಾದರೂ ಹೇಳಿಕೊಳ್ಳಬೇಕಾಗಿತ್ತು. ಇಷ್ಟು ದಿನ ಹೇಳದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಪುಡಿ ಬೇಡವೆಂದು ತಾವು ಹೋರಾಡಿದ್ದು, ಅಧಿಕಾರಿಗಳು ಕೊಟ್ಟ ಒಂದು ಮಳೆಗಾಲ, ಎಂಟು ಚೌಕಗಳು.

"ಜೇಡ ತೆಗೆದ ಕಡೆ ಮಿಡತೆ ಜಾಸ್ತಿ ಆಗ್ಬೇಕಿತ್ತಪ್ಪ. ಆಗಿದ್ರೆ ಈ ಲಾರೀನ ನಾನೇ ವಾಪಸ್ ಕಳಿಸ್ತಿದ್ದೆ. ಆಗ್ಲಿಲ್ವಲ್ಲ. ನೀನೇ ತೆಗೆದೆ, ನೀನೇ ನೋಡಿದೀಯ."

ಅಲ್ಲಾಬಕ್ಷ ಯಂತ್ರವನ್ನು ಕುತ್ತಿಗೆಯಿಂದ ತೆಗೆದು ನೆಲಕ್ಕಿಟ್ಟ.

"ನಾ ತಗದಿಲ್ರೀ ಸಾಹೇಬ್ರ."

"ಏನಂದೆ?"

"ಮುಂಜಾನೆ ತಗದು ಮಧ್ಯಾಹ್ನ ಹೊಳ್ಳಿ ಬಿಡ್ತಿದ್ದೆ. ಒಂದೂ ಕೊಂದಿಲ್ರಿ, ಪೈಗಂಬರರನ್ನ ಉಳಿಸಿದ ಜೀವಾರೀ ಅದು. ಆ ಎಂಟರಾಗೂ ಜೇಡ ಇದ್ದೇ ಇದ್ದೂರಿ. ಅದಕ್ಕ ಮಿಡಚಿ ಹೆಚ್ಚಾಗ್ಲಿಲ್ಲ. ಗುಡ್ಡದ್ದು ತಪ್ಪಿಲ್ರೀ, ತಪ್ಪು ನಂದು. ಪುಡಿ ನಿಲ್ಲಸ್ರಿ."

ಸಾಹೇಬರು ಅತ್ತ ಇತ್ತ ನೋಡಿದರು. ಲಾರಿಯ ಹತ್ತಿರ ಅಧಿಕಾರಿಯೊಬ್ಬರು ಚಹ ಕುಡಿಯುತ್ತಿದ್ದರು. ಹತ್ತು ಹೆಜ್ಜೆ, ಒಂದು ಮಾತು. ಸಾಹೇಬರು ಆ ಹತ್ತು ಹೆಜ್ಜೆ ಇಡಲಿಲ್ಲ.

"ಈಗ ಬೇಡ. ನಾಳೆ ಮನೆಗೆ ಬಾ, ಮಾತಾಡೋಣ" ಎಂದು ಹೇಳಿ ಛತ್ರಿ ಮಡಚದೆಯೇ ಆಫೀಸಿನೊಳಗೆ ಹೋದರು. ಅಷ್ಟರಲ್ಲಿ ಒಂಬತ್ತು ಯಂತ್ರಗಳು ಊದಲು ಶುರು ಮಾಡಿದ್ದವು. ಅಲ್ಲಾಬಕ್ಷನ ಯಂತ್ರವನ್ನು ಬೇರೆಯವನು ಎತ್ತಿಕೊಂಡ.

ಮರುದಿನ ಅವನು ಒಗೆದ ಪೈಜಾಮ ಹಾಕಿಕೊಂಡು ಮಾಟುಂಗಕ್ಕೆ ಹೋದ. ಗುಡ್ಡದಲ್ಲಿ ಇನ್ನೂ ಮೇಲಿನ ಅರ್ಧ ಉಳಿದಿತ್ತು. ಅಷ್ಟನ್ನಾದರೂ ಉಳಿಸಿಕೊಳ್ಳಬಹುದು ಎಂಬ ಆಸೆ. ಮೂರನೆಯ ಮಾಳಿಗೆಯ ಆ ಮನೆಯಲ್ಲಿ ಟ್ರಂಕುಗಳು ತೆರೆದಿದ್ದವು. ಸಾಹೇಬರ ಹೆಂಡತಿ ಅಮ್ಮಣ್ಣಿಯವರು ಬಾಗಿಲ ಹೊರಗೆ ಚಾಪೆ ಹಾಕಿ, ಬೇರೆ ಲೋಟದಲ್ಲಿ ಕಾಫಿ ಕೊಟ್ಟು, "ನಮಗೆ ಬೆಂಗಳೂರಿಗೆ ವರ್ಗ ಆಗಿದೆಯಪ್ಪ, ಬಡ್ತಿ ಬಂತು" ಎಂದು ಸಂತೋಷದಿಂದ ಹೇಳಿದರು. ಅವರಿಗೆ ಏನೂ ಗೊತ್ತಿರಲಿಲ್ಲ. ಅವರ ಸಂತೋಷ ನೋಡಿ ಅಲ್ಲಾಬಕ್ಷ ತಾನು ಸಾಲು ಕಟ್ಟಿಕೊಂಡು ಬಂದ ಮಾತುಗಳನ್ನು ಅರ್ಧ ಮರೆತ.

ಸಾಹೇಬರು ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡರು.

"ವರದಿ ದಿಲ್ಲಿ ಮುಟ್ಟಿ ಎಂಟು ತಿಂಗಳಾಯ್ತು. ಈಗ ಅದು ಸುಳ್ಳು ಅಂದ್ರೆ ಏನಾಗತ್ತೆ ಗೊತ್ತಾ? ಮೊದಲು ನಿನ್ನ ಕೆಲಸ ಹೋಗತ್ತೆ."

"ಹೋಗ್ಲಿ ಬಿಡ್ರಿ. ಕುಡಗೋಲ ಇನ್ನೂ ಮನ್ಯಾಗ ಐತಿ. ಹುಲ್ಲ ಇದ್ರ ಕೊಯ್ಕೊಂಡ ತಿಂತೇನಿ."

ಸಾಹೇಬರು ಇದನ್ನು ನಿರೀಕ್ಷಿಸಿರಲಿಲ್ಲ.

"ನಂದೂ ಹೋಗತ್ತೆ" ಎಂದರು. "ಇಡೀ ಮಳೆಗಾಲ ಯಾರು ನೋಡ್ತಿದ್ರು ಅಂತ ಕೇಳ್ತಾರೆ. ನಾನು ನೋಡ್ಲಿಲ್ಲ ಅಂತ ಹೇಳ್ಲಾ?" ಆಮೇಲೆ ಅವರ ದನಿ ಏರಿತು. "ನಿಮ್ಮಂಥೋರನ್ನ ನಂಬಿ ನಾನು ಕೆಟ್ಟೆ. ಏನೋ ಒಂದು ಕಥೆ, ಒಂದು ನಂಬಿಕೆ. ಮೊದಲೇ ಆಗಲ್ಲ ಅಂದಿದ್ರೆ ಬೇರೆಯವರನ್ನ ಹಾಕ್ತಿರ್ಲಿಲ್ವಾ?"

ಅಲ್ಲಾಬಕ್ಷ ತಲೆ ಎತ್ತಿದ. ಐದು ವರ್ಷದಲ್ಲಿ ಅವನು ಸಾಹೇಬರ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಮೂವತ್ತು ಹುಲ್ಲಿನ ಬೇರು ತೋರ್ಸಿ ಹೇಳಿಕೊಟ್ರಿ, ಸಾಹೇಬ್ರ. ಈ ಜೇಡ ಸತ್ರ ಗುಡ್ಡ ಉಳೀತದ ಅಂತ ಒಂದ ಮಾತ ಹೇಳಿದ್ರ, ಅಳಕೋತ ಕೊಲ್ತಿದ್ದೆ. ಪಾಪ ನನ್ನ ತಲೀ ಮ್ಯಾಲೆ ಇರ್ಲಿ ಅಂತಿದ್ದೆ. ನೀವು ಹೇಳ್ಲಿಲ್ಲ."

ಒಳಗಿನಿಂದ ಅಮ್ಮಣ್ಣಿಯವರು ಟ್ರಂಕಿನ ಬೀಗ ಎಲ್ಲಿ ಎಂದು ಕೇಳಿದರು. "ಬಂದೆ" ಎಂದು ಸಾಹೇಬರು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಅಲ್ಲಾಬಕ್ಷ ಲೋಟವನ್ನು ತೊಳೆದಿಡಲು ನೀರು ಹುಡುಕಿದ, ಕಾಣಲಿಲ್ಲ, ಹಾಗೆಯೇ ಬಾಗಿಲ ಪಕ್ಕ ಇಟ್ಟು ಇಳಿದು ಬಂದ. ಅವನು ಬೊರಿವಲಿ ಮುಟ್ಟುವಷ್ಟರಲ್ಲಿ ಗುಡ್ಡದ ಮೇಲಿನ ಅರ್ಧವೂ ಮುಗಿದಿತ್ತು.

ಆ ವರ್ಷ ಹುಲ್ಲು ಚೆನ್ನಾಗಿಯೇ ಬಂತು. ಹೊರೆಯಲ್ಲಿ ಹುಳವಿಲ್ಲ ಎಂದು ಕೆಲವರು ಖುಷಿಪಟ್ಟರು. ಪುಡಿಗೆ ಜೈ ಎಂದವರೂ ಇದ್ದರು. ಹಲೀಮಾ ಮಾತ್ರ ಕೊಯ್ಯುತ್ತ ಕೊಯ್ಯುತ್ತ ನಿಂತು, "ಹಕ್ಕಿ ದನೀನೇ ಇಲ್ಲಲ್ರೀ" ಎಂದಳು. ಗೌಜಲುಗಳು ಸತ್ತ ಹುಳ ತಿಂದು ಸತ್ತಿದ್ದವು, ಇಲ್ಲ ಹಾರಿಹೋಗಿದ್ದವು. ಬಲೆಗಳಂತೂ ಒಂದೂ ಇರಲಿಲ್ಲ.

ಎಪ್ಪತ್ತೈದರಲ್ಲಿ ರೈಲ್ವೆ ಲೈನಿನ ಕಡೆಯಿಂದ ಮಿಡತೆಗಳು ಹಾರಿ ಬಂದವು. ರೆಕ್ಕೆಯಿದ್ದವಕ್ಕೆ ಬರಲು ಎಷ್ಟು ಹೊತ್ತು? ಬಂದು ನೋಡಿದರೆ ತಮ್ಮನ್ನು ತಿನ್ನುವವರು ಯಾರೂ ಇಲ್ಲ. ಒಂದಕ್ಕೆ ನೂರಾದವು. ಮೆತ್ತಗಿನದನ್ನು ಮೊದಲು ತಿಂದವು. ಕಾಡುಹೆಸರು ಹೋಯಿತು, ಅದರ ಹೂವಿಗೆ ಬರುವ ಜೇನೂ ಸತ್ತಿದ್ದರಿಂದ ಬೀಜ ಕಟ್ಟಿ ಮತ್ತೆ ಹುಟ್ಟುವ ಆಸೆಯೂ ಉಳಿಯಲಿಲ್ಲ. ಅದು ಹೋದ ಮೇಲೆ ಅದರ ಪಕ್ಕದ ಹುಲ್ಲುಗಳು ಬಡವಾದವು. ಕರಕಿ ಹೋಯಿತು, ಮೊಲದ ಬಾಲ ಹೋಯಿತು. ಹಲೀಮಾನ ಮೂಗುಬಟ್ಟನ್ನು ಅಲ್ಲಾಬಕ್ಷ ಇಡೀ ಮಳೆಗಾಲ ಹುಡುಕಿದ. ಉಳಿದದ್ದು ಮಿಡತೆಯೂ ಮೂಸದ ಸೂಜಿಹುಲ್ಲು. ಅದರ ಬುಡದಲ್ಲಿ ನೆಲ ಬೋಳು, ಜೋರು ಮಳೆ ಬಂದರೆ ಕೆಂಪು ಮಣ್ಣು ಝೋಪಡಿಗಳ ಬಾಗಿಲಿಗೆ ಇಳಿಯುತ್ತಿತ್ತು.

ತಬೇಲಾದ ಭೈಯ್ಯಾ ಹೊರೆಯನ್ನು ಕೈಯಲ್ಲಿ ಒತ್ತಿ ನೋಡಿ, "ಯೇ ಘಾಸ್ ನಹೀ, ಝಾಡೂ ಹೈ", ಇದು ಹುಲ್ಲಲ್ಲ, ಕಸಬರಿಗೆ, ಎಂದು ಹಿಂದಕ್ಕೆ ತಳ್ಳಿದ. ಎಮ್ಮೆಗಳ ಬಾಯಿ ಹುಣ್ಣಾಗಿತ್ತು. ಕೊಯ್ಯುವವರು ಒಬ್ಬೊಬ್ಬರಾಗಿ ಗುಡ್ಡ ಬಿಟ್ಟರು. ಹದಿನೈದು ವರ್ಷ ಪಕ್ಕದ ಓಳಿಯಲ್ಲಿ ಕೊಯ್ಯುತ್ತಿದ್ದ ಕಲಬುರ್ಗಿಯ ಈರಣ್ಣ ಆಂಟಾಪ್ ಹಿಲ್ಲಿನ ಕಾಲನಿಗಳಲ್ಲಿ ಇಟ್ಟಿಗೆ ಹೊರಲು ಹೋದ. ಹೋಗುವಾಗ, "ಯಾರ ಕಣ್ಣ ಬಿತ್ತೋ ಏನೋ ಭಾಯಿ ನಮ್ಮ ಗುಡ್ಡಕ್ಕ" ಎಂದ. ಅಲ್ಲಾಬಕ್ಷ ಅವನ ಗಂಟನ್ನು ಸ್ಟೇಷನ್ನಿನವರೆಗೆ ತಾನೇ ಹೊತ್ತ. ನಲವತ್ತು ಮನೆಗಳಲ್ಲಿ ಒಬ್ಬರಿಗೂ ಅವನು ತನ್ನ ತಪ್ಪನ್ನು ಹೇಳಲಾರದೆ ಹೋದ, ಅದು ಅವನನ್ನು ಒಳಗೇ ತಿಂದಿತು.

ಎಪ್ಪತ್ತಾರರ ಮೇ ತಿಂಗಳಲ್ಲಿ ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಮರಾಠಿ ಅಧಿಕಾರಿ ಅವನನ್ನು ಕರೆಸಿದರು. ಮೇಜಿನ ಮೇಲೆ ಅಚ್ಚಾದ ಪುಸ್ತಕವಿತ್ತು. ತಿರುಮಲೇಶರು ಬೆಂಗಳೂರಿನಿಂದ ಕಳಿಸಿದ್ದು, ಅದೇ ವರದಿ. ಅಧಿಕಾರಿ ಕೊನೆಯ ಹಾಳೆ ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟು, ನಗುತ್ತ ಅವನ ಬೆನ್ನು ತಟ್ಟಿದರು. ಸರಕಾರದ ಪುಸ್ತಕದಲ್ಲಿ ಹೆಸರು ಬಂದ ಕೂಲಿಯವನನ್ನು ಅವರು ನೋಡಿದ್ದು ಇದೇ ಮೊದಲಂತೆ. ಇಂಥವನನ್ನು ದಿನಗೂಲಿಯಲ್ಲಿ ಇಡುವುದು ಅನ್ಯಾಯ ಎಂದು ಅಲ್ಲಿಯೇ ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕಿದರು. ಪುಸ್ತಕದ ಒಂದು ಪ್ರತಿಯನ್ನೂ ಕೊಟ್ಟರು.

ಮನೆಯಲ್ಲಿ ಅಖ್ತರಿ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿ, ತೊದಲುತ್ತ ಅರ್ಥ ಹೇಳಿದಳು. ಎಂಟು ಚೌಕಗಳಿಂದ ಜೇಡಗಳನ್ನು ತೆಗೆಯು‌ವ ಕಷ್ಟದ ಕೆಲಸವನ್ನು ಒಂದು ದಿನವೂ ತಪ್ಪದೆ ನಿಷ್ಠೆಯಿಂದ ಮಾಡಿದ ಶ್ರೀ ಅಲ್ಲಾಬಕ್ಷ ಅವರಿಗೆ ಲೇಖಕರು ಋಣಿಯಾಗಿದ್ದಾರೆ.

ಹಲೀಮಾ ಮತ್ತೊಮ್ಮೆ ಓದಿಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ನೀವು ಒಂದೂ ಕೊಂದಿಲ್ಲಲ್ರೀ."

"ಇಲ್ಲ."

"ಅವ್ರಿಗೆ ಗೊತ್ತದ?"

"ಗೊತ್ತದ. ನಾನೇ ಹೇಳೇನಿ, ಎರಡು ಸಲ."

"ಗೊತ್ತಿದ್ದೂ ಹಿಂಗ ಬರದಾರ?"

"ಹಿಂಗ ಬರದ್ರ ಅವ್ರು ಉಳೀತಾರ. ನಮಗೂ ಛಲೋನ ಆತು ಬಿಡು, ಕಾಯಂ ಮಾಡ್ಯಾರ."

"ಯಾವ ಕೆಲಸಕ್ಕ?"

ಅವನು ಚಪ್ಪಲಿಯ ಮಣ್ಣು ಕೆರೆಯುತ್ತ ಕೂತ. ಅವಳು ಇನ್ನೊಮ್ಮೆ ಕೇಳಿದಳು.

"ಪುಡಿ ಊದೂ ಕೆಲಸಕ್ಕ" ಎಂದ.

ಹಲೀಮಾ ಬೇಡ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಗುಡ್ಡದಲ್ಲಿ ಕೊಯ್ಯಲು ಹುಲ್ಲಿಲ್ಲದೆ ಎಂಟು ತಿಂಗಳಿಂದ ಅವಳು ಸ್ಟೇಷನ್ನಿನ ಆಚೆ ಬಿಲ್ಡಿಂಗುಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಬೇಡ ಎನ್ನುವ ಶಕ್ತಿ ಅವಳ ಕೈಗಳಲ್ಲಿ ಉಳಿದಿರಲಿಲ್ಲ.

ಜುಲೈ ತಿಂಗಳಲ್ಲಿ ಅವನನ್ನು ಗೋರೆಗಾಂವ್ ಕಡೆಯ ಇನ್ನೊಂದು ಗುಡ್ಡಕ್ಕೆ ಕಳಿಸಿದರು. ಬೊರಿವಲಿಯ ಪ್ರಯೋಗದಿಂದ ಜೇಡ ಲೆಕ್ಕಕ್ಕಿಲ್ಲ ಎಂದು ಅಚ್ಚಿನಲ್ಲೇ ಸಾಬೀತಾಗಿತ್ತಲ್ಲ, ಇನ್ನು ಎಲ್ಲ ಗುಡ್ಡಗಳಿಗೂ ಪುಡಿ ಹಾಕಲು ಅಡ್ಡಿಯಿರಲಿಲ್ಲ. ಅಲ್ಲಿ ಹುಲ್ಲು ಮೊಣಕಾಲೆತ್ತರ ಎದ್ದಿತ್ತು, ಬಗೆಬಗೆಯ ಹಸಿರು. ಐದಾರು ಹೆಂಗಸರು ಕೊಯ್ಯುತ್ತಿದ್ದರು, ಇಳಕಲ್ ಸೀರೆಯವರು, ಮಾತು ಕೇಳಿದರೆ ವಿಜಾಪುರದವರು. ಅವರಲ್ಲೊಬ್ಬಳು ಸೊಂಟ ನೆಟ್ಟಗೆ ಮಾಡಿ ನಿಂತು, ಅವನ ಕುತ್ತಿಗೆಯ ಯಂತ್ರವನ್ನೂ ಬಾಯಿಗೆ ಕಟ್ಟಿದ ಬಟ್ಟೆಯನ್ನೂ ನೋಡಿದಳು.

"ಯಣ್ಣಾ, ಇದೇನ ಹಾಕಾಕ ಹತ್ತೀರಿ? ಯಾತಕ್ಕ ಇದು?"

ಅಲ್ಲಾಬಕ್ಷನಿಗೆ ಎಲ್ಲವೂ ಗೊತ್ತಿತ್ತು. ಯಾವುದು ಮೊದಲು ಸಾಯುತ್ತದೆ, ಯಾವುದು ಎರಡನೆಯ ವರ್ಷ ಹೋಗುತ್ತದೆ, ಇವಳು ಯಾವ ಮಳೆಗಾಲಕ್ಕೆ ಇಟ್ಟಿಗೆ ಹೊರಲು ಹೋಗಬೇಕಾಗುತ್ತದೆ, ಅದೂ ಗೊತ್ತಿತ್ತು. ಮುಂಬಯಿಯಲ್ಲಿ ಅದನ್ನು ಅವಳಿಗೆ ಅವಳ ಮಾತಿನಲ್ಲೇ ಹೇಳಬಲ್ಲವನು ಅವನೊಬ್ಬನೇ.

"ನನಗೇನ ಗೊತ್ತವ್ವ. ಸಾಹೇಬ್ರು ಹೇಳ್ಯಾರ" ಎಂದು ಹೇಳಿ ಯಂತ್ರದ ಹಿಡಿ ತಿರುಗಿಸಿದ.